ಮಣಿಪಾಲದ ಕಡತ ಉಡುಪಿಯಲ್ಲಿ ತೆರೆಯದಿದ್ದರೆ?

ಕಾಪುವಿನ ದೀಪಸ್ತಂಭ 1901ರಿಂದ ಅಲ್ಲೇ ನಿಂತಿದೆ. ಅದರ ಚಿತ್ರಣ ಹಾಳಾದರೆ ನಾಳೆ ಮತ್ತೆ ತೆಗೆಯಬಹುದು. ಕಾರ್ಕಳದ ಬಾಹುಬಲಿಯ ಮಹಾಮಸ್ತಕಾಭಿಷೇಕ ಹಾಗಲ್ಲ. 2015ರಲ್ಲಿ ನಡೆದ ಆ ಉತ್ಸವ ಹನ್ನೆರಡು ವರ್ಷಕ್ಕೊಮ್ಮೆ ಬರುವಂಥದ್ದು. ಇಂತಹ ಚಿತ್ರಣ ಇಂದು ಸರ್ವರ್ ಎಂಬ ಗಣಕಗಳಲ್ಲಿ ಕಡತವಾಗಿ ಉಳಿಯುತ್ತದೆ. ಒಂದು ಸರ್ವರಿನ ಕಡತವನ್ನು ಇನ್ನೊಂದು ಸರ್ವರು ಬಳಸುವ ಬಗೆ, ಅದು ಕೈಕೊಟ್ಟಾಗ ದೋಷ ಹುಡುಕುವ ಕ್ರಮ – ಇವು ಈ ಲೇಖನದ ವಿಷಯ.

ಮಣಿಪಾಲದ ಸರ್ವರಿನಲ್ಲಿ ಚಿತ್ರಣವಿದೆ, ಉಡುಪಿಯ ಸರ್ವರಿನಲ್ಲಿ ಸಂಕಲನ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಮಣಿಪಾಲದ ಫೋಲ್ಡರು ಉಡುಪಿಯಲ್ಲಿ ತನ್ನದೇ ಎಂಬಂತೆ ಕಾಣಿಸುವ ಏರ್ಪಾಡೇ ಎನ್‌ಎಫ್‌ಎಸ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ಇದನ್ನು ರೂಪಿಸಿತು. ಹೀಗೆ ದೂರದ ಫೋಲ್ಡರನ್ನು ಜೋಡಿಸಿಕೊಳ್ಳುವುದಕ್ಕೆ ‘ಮೌಂಟ್’ ಎನ್ನುತ್ತಾರೆ.

ಮೊದಲು ದಾರಿ, ಆಮೇಲೆ ಬಾಗಿಲು

ಕಡತ ತೆರೆಯದಿದ್ದಾಗ ಮೊದಲು ನೋಡಬೇಕಾದುದು ದಾರಿ. ‘ಪಿಂಗ್’ ಆದೇಶಕ್ಕೆ ಮಣಿಪಾಲ ಉತ್ತರಿಸುತ್ತದೆಯೇ? ಕೇಬಲು, ಸ್ವಿಚ್ಚು, ವಿದ್ಯುತ್ತು ಸರಿಯಿವೆಯೇ? ದಾರಿ ಸರಿಯಿದ್ದರೆ ಬಾಗಿಲು ನೋಡಿ. ಎನ್‌ಎಫ್‌ಎಸ್‌ನ ಬಾಗಿಲು 2049ನೆಯ ಪೋರ್ಟು. ನಾಲ್ಕನೆಯ ಆವೃತ್ತಿಗೆ ಇದೊಂದೇ ಸಾಕು. ಮೂರನೆಯದಕ್ಕೆ 111ನೆಯ ಪೋರ್ಟು ಮತ್ತು ಮೌಂಟ್ ಸೇವೆಯ ಪೋರ್ಟೂ ಬೇಕು. ಫೈರ್‌ವಾಲ್ ಇವುಗಳನ್ನು ತಡೆದಿರಬಹುದು.

ಹೆಸರಲ್ಲ, ಸಂಖ್ಯೆ

ಬಾಗಿಲು ತೆರೆದಿದ್ದರೂ ‘ಅನುಮತಿಯಿಲ್ಲ’ ಎಂಬ ಉತ್ತರ ಬರುವುದುಂಟು. ಯಾವ ಫೋಲ್ಡರು ಯಾರಿಗೆ ಎಂಬ ಪಟ್ಟಿ ಮಣಿಪಾಲದ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿರುತ್ತದೆ. ಪಟ್ಟಿ ತಿದ್ದಿದರಷ್ಟೇ ಸಾಲದು, ಅದನ್ನು ಮತ್ತೆ ಓದುವಂತೆ ಸರ್ವರಿಗೆ ಹೇಳಬೇಕು. ಇನ್ನೊಂದು ಸೂಕ್ಷ್ಮವಿದೆ: ಸಾಮಾನ್ಯ ಏರ್ಪಾಡಿನಲ್ಲಿ ಸರ್ವರು ಬಳಕೆದಾರರನ್ನು ಗುರುತಿಸುವುದು ಸಂಖ್ಯೆಯಿಂದ, ಹೆಸರಿನಿಂದಲ್ಲ. ಸಂಕಲನಕಾರನ ಸಂಖ್ಯೆ ಉಡುಪಿಯಲ್ಲಿ 1001, ಮಣಿಪಾಲದಲ್ಲಿ 1005 ಆಗಿದ್ದರೆ ಹೆಸರು ಒಂದೇ ಆದರೂ ಅವನು ಅಲ್ಲಿ ಪರಕೀಯ. ಉಡುಪಿಯ ಮೇಲ್ವಿಚಾರಕನಿಗೂ ಮಣಿಪಾಲದಲ್ಲಿ ವಿಶೇಷ ಅಧಿಕಾರವಿಲ್ಲ. ಅವನನ್ನು ಅನಾಮಿಕನೆಂದೇ ಕಾಣುವುದು ವಾಡಿಕೆಯ ನಿಯಮ.

‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂಬ ಸಂದೇಶ ಬಂದರೆ, ಮೌಂಟ್ ಆಗಿದ್ದ ಫೋಲ್ಡರನ್ನು ಮಣಿಪಾಲದಲ್ಲಿ ಯಾರೋ ಅಳಿಸಿ ಹೊಸದಾಗಿ ಮಾಡಿರಬಹುದು. ಹೆಸರು ಹಳೆಯದೇ, ಆದರೆ ಉಡುಪಿಯ ಕೈಯಲ್ಲಿರುವುದು ಹಳೆಯ ಬೀಗದ ಕೀಲಿ. ಮೌಂಟ್ ಬಿಡಿಸಿ ಮತ್ತೆ ಜೋಡಿಸಿದರೆ ಸರಿಹೋಗುತ್ತದೆ.

ಕಾಯುವುದೇ ಕ್ಷೇಮ

ಮಳೆಗಾಲದ ಸಿಡಿಲಿಗೆ ಮಣಿಪಾಲದ ಸರ್ವರು ನಿಂತಿತೆನ್ನಿ. ಉಡುಪಿಯ ಪರದೆ ಸ್ತಬ್ಧವಾಗುತ್ತದೆ. ‘ಸರ್ವರ್ ಉತ್ತರಿಸುತ್ತಿಲ್ಲ, ಪ್ರಯತ್ನ ಮುಂದುವರಿದಿದೆ’ ಎಂಬರ್ಥದ ಸಾಲು ದಾಖಲಾಗುತ್ತದೆ. ಇದು ‘ಹಾರ್ಡ್’ ಮೌಂಟಿನ ಗುಣ. ಬೇಸತ್ತವರು ‘ಸಾಫ್ಟ್’ ಮೌಂಟಿಗೆ ಬದಲಾಯಿಸುತ್ತಾರೆ. ಅದು ಕೆಲವು ಸಲ ಪ್ರಯತ್ನಿಸಿ ಕೈಬಿಡುತ್ತದೆ, ಪರದೆಯೂ ಚಲಿಸುತ್ತದೆ.

ಅಪಾಯವಿರುವುದು ಇಲ್ಲೇ. ಬರೆಯಬೇಕಾದ ಮಾಹಿತಿ ಮೊದಲು ಉಡುಪಿಯ ಸ್ಮೃತಿಯಲ್ಲಿ ಸೇರುತ್ತದೆ, ಬಳಿಕ ಮಣಿಪಾಲಕ್ಕೆ ಹೋಗುತ್ತದೆ. ನಡುವೆ ಸರ್ವರು ಕೈಬಿಟ್ಟಾಗ ಆ ದೋಷವನ್ನು ಸಂಕಲನದ ತಂತ್ರಾಂಶ ಗಮನಿಸದಿದ್ದರೆ ಕಡತ ಅರ್ಧಕ್ಕೇ ತುಂಡಾಗಿ ಉಳಿಯುತ್ತದೆ. ಹೆಸರು ಕಾಣುತ್ತದೆ, ಒಳಗೆ ಚಿತ್ರವಿಲ್ಲ. ಅದು ತಿಳಿಯುವ ವೇಳೆಗೆ ಕ್ಯಾಮೆರಾದ ಕಾರ್ಡು ಅಳಿಸಿಹೋಗಿರಬಹುದು.

ಆದುದರಿಂದ ಬರೆಯುವ ಕೆಲಸಕ್ಕೆ ‘ಹಾರ್ಡ್’ ಮೌಂಟನ್ನೇ ಇರಿಸಿಕೊಳ್ಳಿ. ಸರ್ವರು ಎದ್ದ ಮೇಲೆ ನಿಂತ ಕೆಲಸ ಸಾಮಾನ್ಯವಾಗಿ ತಾನಾಗಿ ಮುಂದುವರಿಯುತ್ತದೆ. ಪ್ರತಿಯ ಗಾತ್ರವನ್ನು ಮೂಲದೊಡನೆ ಹೋಲಿಸಿ, ತೆರೆದು ನೋಡಿದ ನಂತರವೇ ಕಾರ್ಡು ಅಳಿಸಿ. ಅರ್ಧ ಗಂಟೆ ಕಾದರೆ ಕಾರ್ಯಕ್ರಮ ತಡವಾದೀತು. ಕಳೆದುಹೋದ ಅಭಿಷೇಕಕ್ಕೆ ಹನ್ನೆರಡು ವರ್ಷ ಕಾಯಬೇಕು.