ಗಿದ್ಯೋನನ ಮುನ್ನೂರು ಮಂದಿ: ಗೆಲುವಿನ ಕಥೆಯನ್ನು ಓದುವ ಬಗೆ

ಹಳೆಯ ಒಡಂಬಡಿಕೆಯನ್ನು ಶ್ರದ್ಧೆಯಿಂದ ಓದತೊಡಗಿದ ಎಷ್ಟೋ ವಿಶ್ವಾಸಿಗಳು ನಡುವೆಯೇ ಪುಸ್ತಕ ಮಡಚಿಡುವುದುಂಟು. ಪುಟ ಪುಟಗಳಲ್ಲಿ ಎದುರಾಗುವ ಯುದ್ಧಗಳೇ ಅದಕ್ಕೆ ಕಾರಣ. ಶತ್ರುವನ್ನೂ ಪ್ರೀತಿಸಬೇಕೆಂದು ಬೋಧಿಸಿದ ಯೇಸುಸ್ವಾಮಿಯ ಅನುಯಾಯಿಗಳು ಈ ಕಾಳಗದ ಕಥೆಗಳನ್ನು ಏಕೆ ಓದಬೇಕು? ಈ ಪ್ರಶ್ನೆ ಸಹಜವಾದುದು, ಪ್ರಾಚೀನವಾದುದೂ ಹೌದು.

ಎರಡನೆಯ ಶತಮಾನದಲ್ಲಿ ಮಾರ್ಸಿಯೋನ್ ಎಂಬಾತ ಹಳೆಯ ಒಡಂಬಡಿಕೆಯನ್ನು ಸಂಪೂರ್ಣವಾಗಿ ಕೈಬಿಡಬೇಕೆಂದು ವಾದಿಸಿದನು. ಧರ್ಮಸಭೆ ಅದನ್ನು ಒಪ್ಪಲಿಲ್ಲ. ಆದರೆ ಆ ಕಥೆಗಳನ್ನು ಎತ್ತಿ ಹಿಡಿದು ನೆರೆಯವರ ಮೇಲೆ ಏರಿಹೋಗುವುದೂ ಅದರ ಬೋಧನೆಯಲ್ಲ. ಮೂರನೆಯ ಶತಮಾನದ ಪಂಡಿತ ಒರಿಜೆನ್, ಆ ಯುದ್ಧಗಳು ಅಂತರಂಗದ ಹೋರಾಟದ ಸಂಕೇತಗಳಾಗಿರದಿದ್ದರೆ ಕ್ರೈಸ್ತರ ಸಭೆಯಲ್ಲಿ ಅವುಗಳನ್ನು ಓದುವ ಪರಿಪಾಠವೇ ಬರುತ್ತಿರಲಿಲ್ಲವೆಂದು ತನ್ನ ಪ್ರವಚನಗಳಲ್ಲಿ ವಿವರಿಸಿದನು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಪವಿತ್ರ ಗ್ರಂಥದ ಲೇಖಕರು ಬಳಸಿದ ಸಾಹಿತ್ಯ ಪ್ರಕಾರಗಳನ್ನು ಅರಿತೇ ಅವರ ಮಾತಿನ ಅರ್ಥವನ್ನು ಹುಡುಕಬೇಕೆಂದು ತಿಳಿಸಿತು. ಹಿಂಸೆಯ ಪ್ರಸಂಗಗಳು ಇತಿಹಾಸದ ಒಂದು ಹಂತಕ್ಕೆ ಸೇರಿದವು, ದೇವರ ಸಂಕಲ್ಪ ಹಂತ ಹಂತವಾಗಿ ಪ್ರಕಟಗೊಂಡಿತು ಎಂದು ಪೋಪ್ ಹದಿನಾರನೆಯ ಬೆನೆಡಿಕ್ಟರು 2010ರಲ್ಲಿ ಸ್ಪಷ್ಟಪಡಿಸಿದರು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಓದುಗರಿಗೆ ಈ ಮಾತು ಕಷ್ಟದ್ದೇನಲ್ಲ. ಬಡಗುತಿಟ್ಟಿನ ಯಕ್ಷಗಾನವನ್ನು ಬೆಳಗಿನವರೆಗೆ ನೋಡುವ ನಾಡಿದು. 'ಅಭಿಮನ್ಯು ಕಾಳಗ'ವನ್ನು ಕಂಡು ಮನೆಗೆ ಮರಳುವ ಪ್ರೇಕ್ಷಕ ಕತ್ತಿ ಮಸೆಯಲು ಹೊರಡುವುದಿಲ್ಲ. ಒಬ್ಬ ಬಾಲಕನನ್ನು ಹಲವರು ಮುತ್ತಿದ ಅನ್ಯಾಯವನ್ನು ನೆನೆದು ಮರುಗುತ್ತಾನೆ. ಪ್ರಸಂಗದ ಹೆಸರಿನಲ್ಲಿ ಕಾಳಗವಿದ್ದರೂ ಅದರ ತಿರುಳು ಬೇರೆಯೇ ಎಂಬುದನ್ನು ನಮ್ಮ ಜನ ಯಾವ ಪಾಠವೂ ಇಲ್ಲದೆ ಬಲ್ಲರು. ಅದೇ ವಿವೇಕದಿಂದ ನ್ಯಾಯಸ್ಥಾಪಕರ ಗ್ರಂಥದ ಆರರಿಂದ ಎಂಟನೆಯ ಅಧ್ಯಾಯದವರೆಗಿನ ಗಿದ್ಯೋನನ ಕಥೆಯನ್ನು ನೋಡೋಣ.

ಅಡಗಿ ಕಾಳು ಬಡಿದವನು

ಮಿದ್ಯಾನ್ಯರು ಏಳು ವರ್ಷಗಳ ಕಾಲ ಇಸ್ರಯೇಲರನ್ನು ಪೀಡಿಸಿದರು. ಬಿತ್ತನೆಯಾದ ಹೊಲಗಳಿಗೆ ಒಂಟೆಗಳ ಹಿಂಡಿನೊಂದಿಗೆ ನುಗ್ಗಿ ಬೆಳೆಯನ್ನು ಹಾಳುಗೆಡವುತ್ತಿದ್ದರು. ಕುರಿ, ಎತ್ತು, ಕತ್ತೆ ಯಾವುದನ್ನೂ ಉಳಿಸುತ್ತಿರಲಿಲ್ಲ. ಜನ ಗುಡ್ಡದ ಗವಿಗಳನ್ನು ಸೇರಿದರು. ಬಯಲಿನ ಕಣದಲ್ಲಿ ಗಾಳಿಗೆ ತೂರಬೇಕಾದ ಗೋಧಿಯನ್ನು ಗಿದ್ಯೋನನು ದ್ರಾಕ್ಷಿ ತುಳಿಯುವ ತೊಟ್ಟಿಯೊಳಗೆ ಅಡಗಿ ಬಡಿಯುತ್ತಿದ್ದನು. ದೇವದೂತನು ಅವನನ್ನು ಪರಾಕ್ರಮಶಾಲಿಯೆಂದು ಕರೆದುದು ಅಂಥ ಸ್ಥಿತಿಯಲ್ಲಿ! ಗಿದ್ಯೋನನಾದರೋ, ತನ್ನ ಮನೆತನವೇ ಮನಸ್ಸೆ ಕುಲದಲ್ಲಿ ದುರ್ಬಲವಾದುದು, ಅದರಲ್ಲಿಯೂ ತಾನು ಕಿರಿಯನೆಂದು ಹಿಂಜರಿದನು. ಆ ಸ್ಥಳದಲ್ಲಿ ಅವನು ಕಟ್ಟಿದ ಬಲಿಪೀಠದ ಹೆಸರು ಗಮನಾರ್ಹ. ಸರ್ವೇಶ್ವರನೇ ಶಾಂತಿ ಎಂಬುದು ಅದರ ಅರ್ಥ. ಯುದ್ಧದ ಕಥೆ ಶಾಂತಿಯ ಹೆಸರಿನಿಂದ ಆರಂಭವಾಗುತ್ತದೆ.

ಹರೋದ್ ಬುಗ್ಗೆಯ ಬಳಿ ಮೂವತ್ತೆರಡು ಸಾವಿರ ಮಂದಿ ಕೂಡಿದರು. ಇಲ್ಲಿ ಒಂದು ಮಾತನ್ನು ಹೇಳಬೇಕು. ಸಾವಿರ ಎಂಬುದಕ್ಕೆ ಹೀಬ್ರೂ ಭಾಷೆಯಲ್ಲಿರುವ 'ಎಲೆಫ್' ಎಂಬ ಪದಕ್ಕೆ ಕುಲದ ಒಂದು ಪಂಗಡ ಅಥವಾ ದಳ ಎಂಬ ಅರ್ಥವೂ ಇದೆ. ತನ್ನ ಮನೆತನ ದುರ್ಬಲವೆನ್ನುವಾಗ ಗಿದ್ಯೋನನು ಬಳಸಿದ್ದೂ ಇದೇ ಪದ. ಆದುದರಿಂದ ಈ ಕಥೆಗಳ ಸಂಖ್ಯೆಗಳನ್ನು ಜನಗಣತಿಯ ಅಂಕಿಗಳಂತೆ ಓದಲಾಗದೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ದೇವರ ದೃಷ್ಟಿಯಲ್ಲಿ ಆ ಸೈನ್ಯ ಅತಿಯಾಯಿತು. ಹೆದರಿದವರು ಮನೆಗೆ ಹೋಗಲೆಂದಾಗ ಇಪ್ಪತ್ತೆರಡು ಸಾವಿರ ಮಂದಿ ಹೊರಟರು. ಉಳಿದ ಹತ್ತು ಸಾವಿರದಲ್ಲಿ ಕೈಯಲ್ಲಿ ನೀರೆತ್ತಿ ನೆಕ್ಕಿ ಕುಡಿದ ಮುನ್ನೂರು ಮಂದಿಯಷ್ಟೇ ಆಯ್ಕೆಯಾದರು. ಅವರು ಹೆಚ್ಚು ಎಚ್ಚರವುಳ್ಳ ವೀರರೆಂದು ಪ್ರವಚನಗಳಲ್ಲಿ ಕೇಳುತ್ತೇವೆ. ಗ್ರಂಥವು ಹಾಗೆ ಹೇಳುವುದಿಲ್ಲ. ಅದು ಕೊಡುವ ಕಾರಣ ಒಂದೇ: ತಮ್ಮ ತೋಳ್ಬಲದಿಂದಲೇ ಬಿಡುಗಡೆ ದೊರೆಯಿತೆಂದು ಇಸ್ರಯೇಲರು ಬೀಗಬಾರದು. ವೈರಿಯನ್ನು ಸೋಲಿಸುವ ಮೊದಲು ಗೆಲ್ಲುವವರ ಗರ್ವವನ್ನು ಮುರಿಯಬೇಕಾಗಿತ್ತು.

ನಡುರಾತ್ರಿಯ ಪಹರೆ ಬದಲಾದ ಹೊತ್ತಿನಲ್ಲಿ ಮುನ್ನೂರು ಮಂದಿ ಮೂರು ಗುಂಪುಗಳಾಗಿ ಪಾಳೆಯವನ್ನು ಸುತ್ತುವರಿದರು. ಮಡಕೆಗಳನ್ನು ಒಡೆದರು, ಒಳಗೆ ಮರೆಯಾಗಿದ್ದ ದೊಂದಿಗಳ ಬೆಳಕು ಹೊರಚೆಲ್ಲಿತು, ಕೊಂಬುಗಳು ಮೊಳಗಿದವು. ಎಡಗೈಯಲ್ಲಿ ದೊಂದಿ, ಬಲಗೈಯಲ್ಲಿ ಕೊಂಬು. ಅವರ ಘೋಷಣೆಯಲ್ಲಿ ಖಡ್ಗದ ಹೆಸರಿತ್ತು, ಆದರೆ ಖಡ್ಗ ಹಿಡಿಯಲು ಕೈ ಬಿಡುವಾಗಿರಲಿಲ್ಲ. ಪಾಳೆಯದಲ್ಲಿ ಎದ್ದ ಖಡ್ಗಗಳು ಮಿದ್ಯಾನ್ಯರವೇ. ಕತ್ತಲೆಯ ಗಾಬರಿಯಲ್ಲಿ ಅವು ತಮ್ಮವರ ಮೇಲೆಯೇ ಬಿದ್ದವು.

ಗೆದ್ದ ಮೇಲಿನ ಸೋಲು

ಸಾಮಾನ್ಯವಾಗಿ ನಾವು ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಮಕ್ಕಳಿಗೆ ಹೇಳುತ್ತೇವೆ. ಗ್ರಂಥ ಇಲ್ಲಿಗೆ ನಿಲ್ಲುವುದಿಲ್ಲ. ಎಂಟನೆಯ ಅಧ್ಯಾಯದಲ್ಲಿ ಅದೇ ಗಿದ್ಯೋನನು, ಬಳಲಿದ ತನ್ನವರಿಗೆ ರೊಟ್ಟಿ ಕೊಡಲೊಪ್ಪದ ಸುಕ್ಕೋತಿನ ಹಿರಿಯರನ್ನು ಮುಳ್ಳುಗಳಿಂದ ದಂಡಿಸುತ್ತಾನೆ. ಪೆನೂವೇಲಿನ ಗೋಪುರವನ್ನು ಕೆಡವಿ ಆ ಊರಿನ ಗಂಡಸರನ್ನು ಕೊಲ್ಲುತ್ತಾನೆ. ಅರಸನಾಗೆಂದು ಜನ ಕೇಳಿಕೊಂಡಾಗ ದೇವರೇ ಅರಸನೆಂದು ನಿರಾಕರಿಸಿದರೂ, ಕೊಳ್ಳೆಯ ಚಿನ್ನವನ್ನು ಕೇಳಿ ಪಡೆದು ಅದರಿಂದ ಏಫೋದನ್ನು ಮಾಡಿಸುತ್ತಾನೆ. ಯಾಜಕರ ಉಡುಪಿನ ಹೆಸರು ಹೊತ್ತ ಆ ವಸ್ತು ಜನರ ಆರಾಧನೆಗೆ ಗುರಿಯಾಗಿ ಅವನ ಮನೆತನಕ್ಕೇ ಉರುಲಾಯಿತು. ನಾಡು ನಲವತ್ತು ವರ್ಷ ನೆಮ್ಮದಿಯಿಂದಿತ್ತು. ಆದರೆ ಅವನ ಮರಣದ ಬಳಿಕ ಮಗ ಅಬೀಮೆಲೆಕನು ಒಡಹುಟ್ಟಿದವರನ್ನೇ ಕೊಂದು ಅಧಿಕಾರ ಹಿಡಿದನು. ಗೆದ್ದವನ ದೋಷಗಳನ್ನು ಮುಚ್ಚಿಡದೆ ಬರೆದಿಟ್ಟ ಈ ಪ್ರಾಮಾಣಿಕತೆಯೇ ಕಥೆಯ ಘನತೆ. ಪೀಡೆಗೊಳಗಾದವನೂ ಗೆದ್ದ ಮೇಲೆ ಪೀಡಕನಾಗಬಲ್ಲನೆಂಬ ಎಚ್ಚರಿಕೆ ಇದರಲ್ಲಿದೆ.

ಈ ಎಚ್ಚರಿಕೆ ನಮಗೆ ಬೇಕಾದುದೇ. ನಮ್ಮ ಕರಾವಳಿ ಹಲವು ವಿಜಯಿಗಳನ್ನು ಕಂಡಿದೆ. ಬಾರಕೂರು ಆಳುಪರ ರಾಜಧಾನಿಯಾಗಿ ಮೆರೆದು ಬಳಿಕ ವಿಜಯನಗರದ ಆಡಳಿತ ಕೇಂದ್ರವಾಯಿತು. ಬಸ್ರೂರಿನ ಬಂದರಿಗಾಗಿ ಪೋರ್ಚುಗೀಸರು ಹೋರಾಡಿದರು. 1665ರಲ್ಲಿ ಶಿವಾಜಿ ಮಹಾರಾಜರು ಹಡಗುಗಳೊಡನೆ ಬಂದು ಅದೇ ಬಸ್ರೂರಿನ ಮೇಲೆ ದಾಳಿ ಮಾಡಿದರು. ಕೆಳದಿಯ ನಾಯಕರು, ಹೈದರಾಲಿ, ಟಿಪ್ಪು ಸುಲ್ತಾನ, ಇಂಗ್ಲಿಷರು ಒಬ್ಬರ ಹಿಂದೊಬ್ಬರಾಗಿ ಗೆದ್ದರು. ಒಬ್ಬರ ಗೆಲುವೂ ಶಾಶ್ವತವಾಗಲಿಲ್ಲ. 1784ರಲ್ಲಿ ಕರಾವಳಿಯ ಕಥೋಲಿಕರು ಟಿಪ್ಪುವಿನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದರು. 1799ರಲ್ಲಿ ಆ ಕೋಟೆ ಬಿದ್ದ ಬಳಿಕವೇ ಬದುಕುಳಿದವರು ಮರಳಿದರು. ಆ ನೋವನ್ನು ಮರೆಯಬೇಕೆಂದು ಯಾರೂ ಹೇಳಲಾರರು. ಆದರೆ ಇನ್ನೂರು ವರ್ಷಗಳ ಹಿಂದಿನ ಲೆಕ್ಕವನ್ನು ಇಂದಿನ ನೆರೆಮನೆಯವನೊಡನೆ ತೀರಿಸಹೊರಟರೆ ನಾವು ಓದಿದ್ದು ಗಿದ್ಯೋನನ ದೊಂದಿಯನ್ನಲ್ಲ, ಸುಕ್ಕೋತಿನ ಮುಳ್ಳುಗಳನ್ನು.

ವಿಜಯದ ಹೆಸರು ಬದಲಾದಾಗ

1570ರಲ್ಲಿ ಸ್ಥಾಪನೆಯಾಯಿತೆನ್ನಲಾದ ಕುಂದಾಪುರದ ಇಗರ್ಜಿ ಜಪಮಾಲೆ ಮಾತೆಗೆ ಸಮರ್ಪಿತವಾದುದು. ಮರುವರ್ಷ, 1571ರ ಅಕ್ಟೋಬರ್ 7ರಂದು, ಲೆಪಾಂಟೋ ಎಂಬಲ್ಲಿ ಯುರೋಪಿನ ಕ್ರೈಸ್ತ ನೌಕಾಬಲ ತುರ್ಕರನ್ನು ಸೋಲಿಸಿತು. ಆ ದಿನವನ್ನು ಐದನೆಯ ಪಿಯುಸ್ ಜಗದ್ಗುರುಗಳು ವಿಜಯಮಾತೆಯ ಸ್ಮರಣೆಯ ದಿನವಾಗಿಸಿದರು. 1573ರಲ್ಲಿ ಅವರ ಉತ್ತರಾಧಿಕಾರಿ ಹದಿಮೂರನೆಯ ಗ್ರೆಗರಿಯವರು ಆ ಹಬ್ಬಕ್ಕೆ ಜಪಮಾಲೆಯ ಹೆಸರನ್ನಿತ್ತರು. ಇಂದು ಹಬ್ಬದ ಹೆಸರಿನಲ್ಲಿ ಉಳಿದಿರುವುದು ಗೆಲುವಲ್ಲ, ಪ್ರಾರ್ಥನೆ.

ಇದೇ ಕರಾವಳಿಯಲ್ಲಿ 1681ರಿಂದ 1684ರವರೆಗೆ ಸೇವೆ ಸಲ್ಲಿಸಿದ ಸಂತ ಜೋಸೆಫ್ ವಾಜರು ಕುಂದಾಪುರದಲ್ಲಿಯೂ ಇದ್ದರು. ಧರ್ಮಾಡಳಿತದ ಹಕ್ಕಿಗಾಗಿ ಪೋರ್ಚುಗಲ್ ಹಾಗೂ ರೋಮಿನ ಪಕ್ಷಗಳ ನಡುವೆ ಆಗ ಕಥೋಲಿಕರಲ್ಲಿಯೇ ಒಡಕಿತ್ತು. ಅವರು ಒಂದು ಪಕ್ಷವನ್ನು ಗೆಲ್ಲಿಸಲು ಹೊರಡದೆ ಎರಡನ್ನೂ ಹತ್ತಿರ ತರಲು ಶ್ರಮಿಸಿದರು. ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಗಿದ್ಯೋನನ ವಿಜಯವನ್ನು ಧರ್ಮಸಭೆ ನೆನೆಯುವ ರಾತ್ರಿಯೊಂದಿದೆ. ಅದು ಕ್ರಿಸ್ಮಸ್ ರಾತ್ರಿ. ಅಂದಿನ ಬಲಿಪೂಜೆಯ ಮೊದಲ ವಾಚನ ಪ್ರವಾದಿ ಯೆಶಾಯನ ಒಂಬತ್ತನೆಯ ಅಧ್ಯಾಯದ್ದು. ಮಿದ್ಯಾನ್ಯರು ಸೋತ ದಿನವನ್ನು ನೆನೆಯುವ ಪ್ರವಾದಿ ಮರುಕ್ಷಣವೇ ಸೈನಿಕರ ಪಾದರಕ್ಷೆಗಳನ್ನೂ ರಕ್ತಸಿಕ್ತ ಬಟ್ಟೆಗಳನ್ನೂ ಬೆಂಕಿಗೆ ಹಾಕುತ್ತಾನೆ. ಬಳಿಕ ನಮ್ಮ ದೃಷ್ಟಿಯನ್ನು ಶಾಂತಿಯ ಅರಸನಾದ ಒಂದು ಮಗುವಿನತ್ತ ತಿರುಗಿಸುತ್ತಾನೆ. ಬಲಿಪೀಠದ ಹೆಸರಿನಲ್ಲಿ ಮೊಳೆತ ಶಾಂತಿ ಗೋದಲಿಯಲ್ಲಿ ಪೂರ್ಣಗೊಳ್ಳುತ್ತದೆ.

ಹಬ್ಬದ ರಾತ್ರಿ ಆ ವಾಚನವನ್ನು ಆಲಿಸುವಾಗ ನಾವು ಗಿದ್ಯೋನನ ಮಡಕೆಯನ್ನು ನೆನೆಯೋಣ. ಮಡಕೆ ಒಡೆಯದೆ ಒಳಗಿನ ಬೆಳಕು ಹೊರಬರಲಿಲ್ಲ. ಒಡೆಯಬೇಕಾದುದು ನೆರೆಯವನ ತಲೆಯಲ್ಲ, ನಮ್ಮ ಗರ್ವದ ಮಡಕೆ.