ಕೊಲೆಸ್ಟ್ರಾಲ್ ಮಾತ್ರೆಯಿಂದ ಉರಿಯೂತವೂ ತಗ್ಗುತ್ತದೆ

"ಕೊಲೆಸ್ಟ್ರಾಲ್ ನಾರ್ಮಲ್ ಬಂದಿದೆ, ಇನ್ನು ಮಾತ್ರೆ ನಿಲ್ಲಿಸಬಹುದಲ್ಲವೇ?" ಇದು ರೋಗಿಗಳೂ ಅವರ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆ. ಇದಕ್ಕೆ ಉತ್ತರ ತಿಳಿಯಬೇಕಾದರೆ ಈ ಮಾತ್ರೆ ದೇಹದಲ್ಲಿ ಮಾಡುವ ಕೆಲಸವನ್ನು ಅರಿಯಬೇಕು.

ರಕ್ತನಾಳದೊಳಗೆ ಏನಾಗುತ್ತದೆ?

ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಾದರೆ ಅದು ರಕ್ತನಾಳದ ಒಳಗೋಡೆಯಲ್ಲಿ ಸೇರಿಕೊಳ್ಳುತ್ತದೆ. ಅದನ್ನು ತೆಗೆದುಹಾಕಲು ಬಿಳಿ ರಕ್ತಕಣಗಳು ಅಲ್ಲಿಗೆ ಬರುತ್ತವೆ. ಗಾಯವಾದ ಜಾಗ ಕೆಂಪಾಗಿ ಊದಿಕೊಳ್ಳುವಂತೆ ಅಲ್ಲಿಯೂ ಉರಿಯೂತ ಉಂಟಾಗುತ್ತದೆ. ಆದರೆ ಅದು ಹೊರಗೆ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಉರಿಯೂತ ಮುಂದುವರಿದರೆ ಕೊಬ್ಬಿನ ಶೇಖರಣೆಯ ಮೇಲ್ಪದರ ತೆಳುವಾಗಿ ಒಡೆಯಬಹುದು. ಆಗ ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಅಥವಾ ಲಕ್ವ ಆಗುವ ಅಪಾಯವಿದೆ.

ಮಾತ್ರೆಯ ಎರಡು ಕೆಲಸ

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಸ್ಟಾಟಿನ್ ಮಾತ್ರೆಗಳು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ಕಡಿಮೆ ಮಾಡುತ್ತವೆ. ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತವೆ. ಉರಿಯೂತದ ಪ್ರಮಾಣವನ್ನು ಸಿಆರ್‌ಪಿ ಎಂಬ ರಕ್ತಪರೀಕ್ಷೆಯಿಂದ ತಿಳಿಯಬಹುದು.

2008ರಲ್ಲಿ ಪ್ರಕಟವಾದ 'ಜುಪಿಟರ್' ಅಧ್ಯಯನದಲ್ಲಿ 17,802 ಜನರಿದ್ದರು. ಅವರಿಗೆ ಎಲ್‌ಡಿಎಲ್ ಹೆಚ್ಚಿರಲಿಲ್ಲ, ಸಿಆರ್‌ಪಿ ಮಾತ್ರ ಹೆಚ್ಚಿತ್ತು. ರೋಸುವಾಸ್ಟಾಟಿನ್ ಪಡೆದವರಲ್ಲಿ ಎಲ್‌ಡಿಎಲ್ ಶೇ. 50ರಷ್ಟು, ಸಿಆರ್‌ಪಿ ಶೇ. 37ರಷ್ಟು ಇಳಿಯಿತು. ಔಷಧಿಯಿಲ್ಲದ ಮಾತ್ರೆ ಪಡೆದವರಿಗೆ ಹೋಲಿಸಿದರೆ ಹೃದಯಾಘಾತ, ಲಕ್ವ ಮೊದಲಾದ ತೊಂದರೆಗಳು ಒಟ್ಟಾರೆ ಶೇ. 44ರಷ್ಟು ಕಡಿಮೆಯಾದವು. ಎರಡೂ ಒಟ್ಟಿಗೆ ಇಳಿದಿದ್ದರಿಂದ ಈ ಲಾಭದಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ಕೊಲೆಸ್ಟ್ರಾಲ್ ಇಳಿಸುವುದೇ ಈ ಮಾತ್ರೆಯ ಮುಖ್ಯ ಕೆಲಸ.

ನೆನಪಿಡಿ

* ವರದಿ ನಾರ್ಮಲ್ ಬಂದಿರುವುದು ಮಾತ್ರೆಯ ಫಲ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಕೊಲೆಸ್ಟ್ರಾಲ್ ಮತ್ತೆ ಏರುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.
* ಇದು ನೋವಿನ ಮಾತ್ರೆಯಲ್ಲ. ಮೊಣಕಾಲು ನೋವಿಗೆಂದು ಮನೆಯಲ್ಲಿ ಬೇರೆಯವರಿಗೆ ಕೊಡಬೇಡಿ.
* ಜ್ವರ, ಸೋಂಕು ಇದ್ದಾಗಲೂ ಸಿಆರ್‌ಪಿ ಏರುತ್ತದೆ. ಪರೀಕ್ಷೆಗೆ ಮುಂಚೆ ತಿಳಿಸಿ.
* ಮೈಕೈ ಸ್ನಾಯುಗಳಲ್ಲಿ ತೀವ್ರ ನೋವು, ನಿಶ್ಶಕ್ತಿ, ಮೂತ್ರ ಕಂದುಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು ಕಂಡುಬಂದರೆ ಕೂಡಲೇ ವೈದ್ಯರನ್ನು ಕಾಣಿರಿ.
* ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಮೊದಲೇ ವೈದ್ಯರಿಗೆ ಹೇಳಬೇಕು.
* ಬೀಡಿ, ಸಿಗರೇಟು, ಬೊಜ್ಜು ಇವೂ ಉರಿಯೂತವನ್ನು ಹೆಚ್ಚಿಸುತ್ತವೆ. ಮಾತ್ರೆಯ ಜೊತೆಗೆ ತಂಬಾಕು ಬಿಡುವುದು, ನಿತ್ಯ ನಡಿಗೆ ಮತ್ತು ಮಿತ ಆಹಾರ ಅಗತ್ಯ.

ಮುಂದಿನ ಸಲ ತಪಾಸಣೆಗೆ ಬರುವಾಗ ಹಳೆಯ ವರದಿಗಳನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ತಪ್ಪದೆ ತನ್ನಿರಿ.