ರಾಣಿಬಾಗಿನ ನಾಗಲಿಂಗ

ಮುಂಬಯಿಯ ಮಾಟುಂಗದ ಭಾವೂ ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್ನಿಗೆ ನಾಟಕಕ್ಕೋ ಉಪನ್ಯಾಸಕ್ಕೋ ಹೋಗಿಬರುವ ಕನ್ನಡಿಗರಲ್ಲಿ, ಆ ರಸ್ತೆಗೆ ಹೆಸರಿತ್ತ ಡಾಕ್ಟರ್ ಭಾವೂ ದಾಜಿ ಲಾಡರು ಕುಷ್ಠರೋಗಕ್ಕೆ ಕಾಡುಬೀಜದ ಎಣ್ಣೆಯಿಂದ ಚಿಕಿತ್ಸೆ ನಡೆಸಿದ ವೈದ್ಯರೆಂಬುದನ್ನು ಬಲ್ಲವರು ವಿರಳ. ಅವರ ಹೆಸರಿನ ವಸ್ತುಸಂಗ್ರಹಾಲಯವು ಲೋಕಲ್ ಗಾಡಿಯಲ್ಲಿ ಐದನೆಯ ನಿಲ್ದಾಣವಾದ ಬೈಕುಲಾದಲ್ಲಿ, ರಾಣಿಬಾಗಿನ ಬಾಗಿಲಲ್ಲೇ ಇದೆಯೆಂದು ಬಲ್ಲವರಲ್ಲಿಯೂ ಅದರ ಹಿಂದಿನ ಮರಗಳೆದುರು ನಿಂತು ನೋಡಿದವರು ಇನ್ನೂ ವಿರಳ.

ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕಾ ಸಂಘವು ಶಿವಡಿಯಲ್ಲಿದ್ದ ತನ್ನ ತೋಟವನ್ನು ತೊರೆಯಬೇಕಾಗಿ ಬಂದಾಗ, ಮಝಗಾಂವಿನ ಮೌಂಟ್ ಎಸ್ಟೇಟ್ ಎಂಬ ಹಳೆಯ ಆಸ್ತಿಯ 33 ಎಕರೆ ನೆಲದಲ್ಲಿ ಈ ಉದ್ಯಾನವು ರೂಪುಗೊಂಡಿತು. 1862ರ ನವೆಂಬರ್ 19ರಂದು ಗವರ್ನರ್ ಬಾರ್ಟಲ್ ಫ್ರಿಯರನ ಪತ್ನಿ ಇದನ್ನು ಸಾರ್ವಜನಿಕರಿಗೆ ತೆರೆದಳು. ವಿಕ್ಟೋರಿಯಾ ಗಾರ್ಡನ್ಸ್ ಎಂಬ ಅಂದಿನ ಹೆಸರು ಅಳಿದು ಇಂದು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನವಾಗಿದ್ದರೂ ಊರವರ ಬಾಯಲ್ಲಿ ಅದು ರಾಣಿಬಾಗೇ. ಪ್ರಾಣಿಸಂಗ್ರಹಾಲಯವು ಅನಂತರ ಬಂದು ಸೇರಿಕೊಂಡದ್ದು. 2016ರಲ್ಲಿ ಸೋಲ್ ನಗರದಿಂದ ಪೆಂಗ್ವಿನ್ನುಗಳು ಆಗಮಿಸಿದ ಮೇಲಂತೂ ಜನರ ಸಾಲೆಲ್ಲ ಅತ್ತಲೇ ಸಾಗುತ್ತದೆ. ಮರಗಳಿಗೆ ಇದರಿಂದ ನಷ್ಟವೇನಿಲ್ಲ, ನಷ್ಟವಾಗುವುದು ನೋಡುಗರಿಗೆ.

ಆ ನಷ್ಟವನ್ನು ತುಂಬಿಕೊಡಲೆಂದೇ ನಗರದ ವೃಕ್ಷಪ್ರೇಮಿಗಳು ಇಲ್ಲಿ ಬೆಳಗಿನ ವೃಕ್ಷದರ್ಶನಗಳನ್ನು ನಡೆಸುತ್ತ ಬಂದಿದ್ದಾರೆ. ಬಲ್ಲವರ ಜೊತೆಯಲ್ಲಿ ನಡೆಯುವುದರ ಪ್ರಯೋಜನವು ನಾಗಲಿಂಗದ ಬುಡದಲ್ಲಿ ಚೆನ್ನಾಗಿ ಮನವರಿಕೆಯಾಗುತ್ತದೆ. ಈ ಮರದ ಹೂಗಳು ಎಲೆಗಳ ನಡುವೆ ಅರಳದೆ ಕಾಂಡದಿಂದಲೇ ಹೊರಟ ಜೋಲುಕಡ್ಡಿಗಳಲ್ಲಿ ಅರಳಿ, ಇಡಿಯಾಗಿ ನೆಲಕ್ಕೆ ಬೀಳುವುದರಿಂದ, ಕೀಳದೆಯೇ ಒಂದನ್ನು ಅಂಗೈಯಲ್ಲಿಟ್ಟು ನೋಡಬಹುದು. ಆರು ಮಾಂಸಲ ದಳಗಳ ನಡುವೆ ಭಕ್ತರು ಲಿಂಗವೆಂದು ಕೈಮುಗಿಯುವ ಭಾಗವು ಹೂವಿನ ಅಂಡಾಶಯ. ಅದನ್ನು ಸುತ್ತುವರಿದಿರುವುದು ಗಿಡ್ಡ ಕೇಸರಗಳ ವರ್ತುಲ. ಮೇಲೆ ಬಾಗಿ ನಿಂತ ಹೆಡೆಯೂ ಕೇಸರಗಳದ್ದೇ. ಒಂದೇ ಹೂವಿನಲ್ಲಿ ಎರಡು ಬಗೆಯ ಕೇಸರಗಳೇಕೆ? ಈ ಹೂವಿನಲ್ಲಿ ಮಕರಂದವಿಲ್ಲ. ಬರುವ ದುಂಬಿಗೆ ಪರಾಗವೇ ಉಪಾಹಾರ. ಆದರೆ ಇರುವ ಪರಾಗವನ್ನೆಲ್ಲ ಅತಿಥಿಗೆ ಬಡಿಸಿಬಿಟ್ಟರೆ ಗಿಡದ ಸಂತಾನದ ಗತಿಯೇನು? ಆದುದರಿಂದ ಹೆಡೆಯ ಕೇಸರಗಳು ಬಂಜೆಯಾದ ಪರಾಗವನ್ನು ತಿನ್ನಲೆಂದೇ ಒದಗಿಸುತ್ತವೆ. ಮರ ಕೊರೆಯುವ ಕಪ್ಪು ದುಂಬಿಯು ಹೆಡೆಗೂ ವರ್ತುಲಕ್ಕೂ ನಡುವಣ ಇಕ್ಕಟ್ಟಿನಲ್ಲಿ ನುಗ್ಗಿ ಅದನ್ನು ಸಂಗ್ರಹಿಸುತ್ತಿರುವಾಗ, ವರ್ತುಲದ ಫಲವಂತ ಪರಾಗವು ಅದರ ಬೆನ್ನಿಗೆ ಅಂಟಿ ಮುಂದಿನ ಹೂವನ್ನು ಸೇರುತ್ತದೆ.

ಶಿವಾಲಯಗಳ ಅಂಗಳದಲ್ಲಿ ಇಷ್ಟು ಸಲುಗೆಯಿಂದ ನೆಲೆಸಿರುವ ಈ ವೃಕ್ಷದ ತವರು ದಕ್ಷಿಣ ಅಮೆರಿಕದ ಅರಣ್ಯ. ಫ್ರೆಂಚ್ ಗಯಾನಾದಲ್ಲಿ ಅದನ್ನು ಕಂಡ ಫ್ರೆಂಚ್ ಸಸ್ಯವಿಜ್ಞಾನಿ ಓಬ್ಲೆ 1775ರಲ್ಲಿ ವರ್ಣಿಸಿದ. ಪರದೇಶಿಯೆಂದು ತಿಳಿದ ಮಾತ್ರಕ್ಕೆ ಪೂಜೆ ಬಿಡಬೇಕಾಗಿಲ್ಲವೆಂದು ನನ್ನ ಮತ. ಮೆಣಸಿನಕಾಯಿಯನ್ನೇನು ನಾವು ಬಿಟ್ಟೆವೆ? ಅದೂ ಅಲ್ಲದೆ ನಮ್ಮ ಮಲೆನಾಡಿನ ಕವಲು ಮರವು ಇದರ ಕುಟುಂಬದ್ದೇ. ತಲೆಯಷ್ಟು ದಪ್ಪದ ಗುಂಡುಕಾಯಿಯ ತಿರುಳು ಮಾತ್ರ ಒಡೆದೊಡನೆ ನೀಲಿಗಟ್ಟಿ ದುರ್ನಾತ ಬೀರುವುದರಿಂದ ಆ ಪರೀಕ್ಷೆ ಬೇಡ.

ಸವಣೂರಿನ ದೊಡ್ಡಹುಣಸೆ ಮಠದ ಆಫ್ರಿಕದ ಮರಗಳನ್ನು ಕಂಡವರಿಗೆ ಇಲ್ಲಿನ ಗೋರಖ್ ಚಿಂಚ್ ಪರಿಚಿತವೆನಿಸೀತು. ಎರಡೂ ಒಂದೇ ಜಾತಿಯವು. ಅದರ ಮೆದು ಕಾಂಡದಲ್ಲಿ ಶೇಖರವಾದ ನೀರು ಬಹುಮಟ್ಟಿಗೆ ಮಳೆಗೆ ಮುನ್ನ ಚಿಗುರೊಡೆಯಲು ವಿನಿಯೋಗವಾಗುತ್ತದೆ. ಸಂಜೆ ಅರಳುವ ಅದರ ಬಿಳಿಯ ಹೂವಿಗೆ ಬಾವಲಿಯೇ ದೂತನಾದ್ದರಿಂದ ಹಗಲಿನ ಸಂದರ್ಶಕರಿಗೆ ಆ ವ್ಯವಹಾರ ಕಾಣಸಿಗುವಂತಿಲ್ಲ.

ಹೋಗುವವರು ಬಿಸಿಲೇರುವ ಮುನ್ನ ಹೋಗಿರಿ, ಪೆಂಗ್ವಿನ್ನುಗಳನ್ನು ಕಡೆಗೆ ಇಟ್ಟುಕೊಳ್ಳಿರಿ. ಬುಧವಾರ ಉದ್ಯಾನಕ್ಕೆ ರಜೆ.